ಯೆರ್ಕೊ ಹೀಲಿಯಂ ಕೇಳಿದ ದಿನ

ಮೊನ್ನೆ ನಾವು ಮಣ್ಣು ಮಾಡಿ ಬಂದ ನನ್ನ ಗೆಳೆಯ ಯೆರ್ಕೊ ನಮ್ಮ ದ್ವೀಪದ ಹವಾಮಾನ ಕೇಂದ್ರದಲ್ಲಿ ಆಕಾಶಕ್ಕೆ ಬಿಡುವ ಬಲೂನುಗಳಿಗೆ ಅನಿಲ ತುಂಬುತ್ತಿದ್ದವನು. ಹೀಲಿಯಂಗೆ ಬೆಂಕಿ ತಗಲುವುದಿಲ್ಲ, ಆದರೆ ಅದು ದುಬಾರಿ. ಜಲಜನಕ ಅಗ್ಗ, ಬಲೂನನ್ನು ಇನ್ನೂ ಚೆನ್ನಾಗಿ ಎತ್ತುತ್ತದೆ. ಒಂದು ಕಿಡಿ ಬಿದ್ದರೆ ಮಾತ್ರ ಎಲ್ಲ ಮುಗಿಯಿತು. ಎಚ್ಚರವಿದ್ದವನಿಗೆ ಜಲಜನಕವೇ ಸರಿ ಎಂಬುದು ಅವನ ಹಟ.

ಒಂದು ಚಳಿಗಾಲದಲ್ಲಿ, ಬೂರಾ ಎಂಬ ಒಣ ಶೀತಗಾಳಿ ಬೀಸಿ ಮೈಯೆಲ್ಲ ಒಣಗಿದ್ದ ದಿನ, ಶೆಡ್ಡಿನಲ್ಲಿ ಬಲೂನಿನ ಬಾಯನ್ನು ನಾನು ಹಿಡಿದಿದ್ದೆ. ಜಲಜನಕ ಅರ್ಧ ತುಂಬಿತ್ತು. ಅವನ ತಾಯಿ ಲೂಚೆ ಮೀನುಸಾರಿನ ಪಾತ್ರೆ ಹಿಡಿದು ನೇರ ಒಳಗೆ ಬಂದರು. ಪಾತ್ರೆ ಕೆಳಗಿಟ್ಟು, "ಅಬ್ಬ, ಇಲ್ಲೆಷ್ಟು ಬೆಚ್ಚಗಿದೆ," ಎಂದು ಹೊದ್ದಿದ್ದ ಉಣ್ಣೆ ಶಾಲು ಎಳೆದರು. ಒಣ ಹವೆಗೆ ಉಣ್ಣೆಯಲ್ಲಿ ವಿದ್ಯುತ್ತು ಸೇರಿ, ಶಾಲು ಕಿಡಿ ಹಾರುವಂತೆ ಚಟಚಟ ಎಂದಿತು.

"ಅಮ್ಮಾ, ತೆಗೀಬೇಡ! ಅಲ್ಲಾಡ್ಬೇಡ!"

ಯೆರ್ಕೊ ಮೆಲ್ಲನೆ ಅನಿಲ ನಿಲ್ಲಿಸಿದ. ಕಿಡಿ ಹುಟ್ಟದಂತೆ ನೆಲ ಒದ್ದೆ ಮಾಡಲು ಇಟ್ಟಿದ್ದ ಬಕೆಟ್ಟನ್ನು ಎತ್ತಿ ಅಷ್ಟೂ ನೀರನ್ನು ತಾಯಿಯ ಮೇಲೆ ಸುರಿದ. ನಾನು ಬಲೂನಿನ ಬಾಯಿ ಬಿಡಲಿಲ್ಲ.

"ಹೆತ್ತವಳ ತಲೆ ಮೇಲೆ ತಣ್ಣೀರು ಹುಯ್ತೀಯೇನೋ, ಕತ್ತೆ!"

"ಬದುಕಿದ್ದೀಯಲ್ಲ, ಎಷ್ಟು ಬೇಕಾದ್ರೂ ಬೈಯಿ. ಇನ್ಮೇಲೆ ಇಲ್ಲಿಗೆ ಬರ್ಬೇಡ."

"ನಾನು ಬರದಿದ್ರೆ ನೀನು ಒಣ ರೊಟ್ಟಿ ತಿಂದ್ಕೊಂಡು ಇರ್ತೀಯ. ಬಂದೇ ಬರ್ತೀನಿ."

ಅವರು ಹೋದ ಮೇಲೆ ನಾನು, "ಬಾಗಿಲಿಗೆ ಬೀಗ ಹಾಕೋ," ಎಂದೆ.

"ಕಿಟಕೀಲಿ ಬರ್ತಾಳೆ ಕಣೋ."

ಅಂದೇ ಅವನು ಮೇಲಧಿಕಾರಿಗೆ ಫೋನು ಮಾಡಿ, ಇನ್ನು ಜಲಜನಕ ಬೇಡ ಎಂದ. "ಏನಯ್ಯ, ಕೊನೆಗೆ ನಿನಗೂ ಹೆದರಿಕೆ ಹತ್ತಿತಾ?" ಎಂದು ಆತ ನಗುವುದು ನನಗೂ ಕೇಳಿಸಿತು.

"ಹೌದು ಸಾರ್, ಹೆದರಿಕೆ," ಎಂದ ಯೆರ್ಕೊ. "ಹೀಲಿಯಂ ಕಳಿಸಿ."