ಇನ್‌ಸ್ಪೆಕ್ಷನ್ ದಿನದ ಉಂಬಳ

ನಾನು ಮೂರನೇ ಕ್ಲಾಸು ಓದಿದ್ದು ಕಾಫಿ ಗೋದಾಮಿನಲ್ಲಿ. ಕೊಟ್ಟಿಗೆಹಾರದಿಂದ ತೋಟದ ದಾರಿ ಹಿಡಿದು ಒಳಗೆ ಹೋದರೆ ಸಿಗುತ್ತಿದ್ದ ಆ ಹಳೇ ಗೋದಾಮನ್ನು ತೋಟದ ಸಾಹುಕಾರರು ಶಾಲೆಗೆಂದು ಬಿಟ್ಟುಕೊಟ್ಟಿದ್ದರು. ಮಳೆ ಹಿಡಿಯಿತೆಂದರೆ ಗೋಡೆಗಳಿಂದ ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಹುಳಿ ವಾಸನೆ ಏಳುತ್ತಿತ್ತು. ಇದ್ದವರು ಒಬ್ಬರೇ ಮೇಷ್ಟ್ರು, ನಾಲ್ಕು ಕ್ಲಾಸಿಗೂ ಅವರೇ. ಒಂದು ಗುಂಪು ಮಗ್ಗಿ ಒದರುವಾಗ ಇನ್ನೊಂದು ಮರಳಿನ ಮೇಲೆ ಅಕ್ಷರ ತಿದ್ದುತ್ತಿತ್ತು, ಮತ್ತೊಂದು ಮೂಲೆಯಲ್ಲಿ ಕುಳಿತು ಬುಟ್ಟಿ ಹೆಣೆಯುತ್ತಿತ್ತು. ಗಲಾಟೆಯೋ ಗಲಾಟೆ. ನನಗಂತೂ ಅದರಷ್ಟು ಇಷ್ಟದ ಜಾಗ ಇನ್ನೊಂದಿರಲಿಲ್ಲ.

ಒಂದನೇ ಕ್ಲಾಸಿನಲ್ಲಿ ಒಂದಿಬ್ಬರು ಪುಟ್ಟ ಹುಡುಗಿಯರಿದ್ದರು. ಮೂರನೆಯದರಲ್ಲಿ ನಾನೊಬ್ಬಳೇ. ಆಗಷ್ಟೇ ಹತ್ತು ತುಂಬಿದ್ದರೂ ಎತ್ತರದಲ್ಲಿ ನಾಲ್ಕನೇ ಕ್ಲಾಸಿನ ಹುಡುಗರನ್ನೂ ಮೀರಿದ್ದೆ. ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಅಪ್ಪಯ್ಯ ಆ ವರ್ಷ ಶಾಲೆ ಶುರುವಾಗುವಾಗಲೇ "ಓದಿದ್ದು ಸಾಕು" ಎಂದಿದ್ದರು. ಅವ್ವ ಬಿಡಲಿಲ್ಲ. ತಾನು ಶಾಲೆಯ ಹೊಸ್ತಿಲು ತುಳಿದವಳಲ್ಲದಿದ್ದರೂ ನನ್ನ ವಿಷಯಕ್ಕೆ ಬಂದರೆ ಅವಳದು ಉಡದ ಹಿಡಿತ. ಕೊನೆಗೆ ಅಪ್ಪಯ್ಯ ಸೋತು, "ದಸರೆಗೆ ಮುಂಚೆ ಇನ್ಸ್‌ಪೆಕ್ಟ್ರು ಬರ್ತಾರಲ್ಲ, ಅವ್ರು ಪಾಸ್ ಮಾಡಿದ್ರೆ ಮುಂದಕ್ಕೆ ಹೋಗ್ಲಿ ಮಾರಾಯ್ತಿ. ಇಲ್ದಿದ್ರೆ ಮನೆ" ಎಂದರು. ಆ ಮಾತು ಮಳೆಗಾಲ ಪೂರ್ತಿ ನನ್ನ ಎದೆಯ ಮೇಲೆ ಕೂತಿತ್ತು.

ನಮ್ಮ ಶಾಲೆಯ ಬೆಳಗು ಪ್ರಾರ್ಥನೆಯಿಂದ ಶುರುವಾಗುತ್ತಿರಲಿಲ್ಲ, ಉಂಬಳದಿಂದ ಶುರುವಾಗುತ್ತಿತ್ತು. ತೋಟದೊಳಗೆ ನಡೆದು ಬಂದ ಮಕ್ಕಳ ಕಾಲಿಗೆ ಹುಲ್ಲಿನಿಂದ ಹತ್ತಿದ ಉಂಬಳವೆಂಬ ಜಿಗಣೆಗಳು ರಕ್ತ ಹೀರುತ್ತಾ ಕೂತಿರುತ್ತಿದ್ದವು. ಬಾಗಿಲ ಬಳಿ ಸುಣ್ಣ, ಹೊಗೆಸೊಪ್ಪು ಕಟ್ಟಿದ ಬಟ್ಟೆಯ ಗಂಟನ್ನು ಕೋಲಿಗೆ ಸಿಕ್ಕಿಸಿ ಇಟ್ಟಿರುತ್ತಿದ್ದರು. ಇಬ್ಬಿಬ್ಬರು ಜೋಡಿಯಾಗಿ ನಿಂತು ಒಬ್ಬರ ಕಾಲನ್ನು ಇನ್ನೊಬ್ಬರು ನೋಡಿ, ಆ ಗಂಟು ಮುಟ್ಟಿಸಿ ಉದುರಿಸಿದ ಮೇಲೇ ಒಳಗೆ ಪ್ರವೇಶ. ನನ್ನ ಕಾಲು ನೋಡಲು ಹುಡುಗರಿಗೆ ನಾಚಿಕೆ, ತೋರಿಸಲು ನನಗೂ ನಾಚಿಕೆ. ನಾನೇ ಬಗ್ಗಿ ನನ್ನ ಕಾಲು ನೋಡಿಕೊಳ್ಳುತ್ತಿದ್ದೆ. ಮಂಡಿಯ ಹಿಂಬದಿ ಯಾರಿಗೆ ತಾನೇ ಕಾಣುತ್ತದೆ?

ಗೌರಿ ಹಬ್ಬ ಕಳೆದ ಮೇಲೆ ಮೇಷ್ಟ್ರಿಗೆ ಇನ್‌ಸ್ಪೆಕ್ಷನ್ ಜ್ವರ ಹಿಡಿಯಿತು. ತಮ್ಮ ಪೇಟವನ್ನು ಬಿಚ್ಚಿ ಕುರ್ಚಿಯ ಮೇಲಿಟ್ಟು, "ಇವ್ರೇ ಇನ್ಸ್‌ಪೆಕ್ಟ್ರು ಅಂತ ತಿಳ್ಕೊಳ್ಳಿ" ಎನ್ನುತ್ತಿದ್ದರು. ನಾವು ಆ ಪೇಟಕ್ಕೆ ಕೈಮುಗಿದು ಪದ್ಯ ಹೇಳಬೇಕು, ನದಿಗಳ ಹೆಸರು ಒಪ್ಪಿಸಬೇಕು. ಕೈ ಕಟ್ಟಿರಬೇಕು, ಕೆರೆದುಕೊಳ್ಳಬಾರದು, ಕೆಳಗೆ ನೋಡಬಾರದು, ಕೇಳದೆ ತುಟಿ ಬಿಚ್ಚಬಾರದು. ಮಿಸುಕಿದವರ ಮೊಣಕಾಲಿಗೆ ಬೆತ್ತ ಬೀಳುತ್ತಿತ್ತು. ಬಡಪಾಯಿ, ಶಾಲೆ ಚೆನ್ನಾಗಿಲ್ಲ ಎಂದು ಬರೆದರೆ ತಮ್ಮನ್ನು ಎಲ್ಲಿಗೋ ಎತ್ತಿ ಹಾಕುತ್ತಾರೆಂಬ ಭಯ ಅವರಿಗೆ.

ಆ ದಿನ ನಾನು ಬಾಗಿಲಲ್ಲಿ ಬಗ್ಗಿ ಕಾಲು ನೋಡಿಕೊಳ್ಳುತ್ತಿದ್ದಾಗಲೇ ಸಾಹುಕಾರರ ಕಾರಿನ ಸದ್ದು ಕೇಳಿತು. "ನಡಿ ನಡಿ, ಬಂದೇಬಿಟ್ರು!" ಎಂದು ಮೇಷ್ಟ್ರು ನನ್ನನ್ನು ಒಳಕ್ಕೆ ತಳ್ಳಿದರು. ಬಯಲುಸೀಮೆಯವರಾದ ಇನ್ಸ್‌ಪೆಕ್ಟರು ಕಾರಿನಿಂದ ನೇರವಾಗಿ ಮೆಟ್ಟಿಲಿಗೇ ಇಳಿದರು. ಅವರ ಬೂಟಿಗೆ ನಮ್ಮೂರಿನ ಒಂದು ಎಸಳು ಹುಲ್ಲೂ ಸೋಕಲಿಲ್ಲ.

ಮೊದಲು ಕರೆದದ್ದು ನನ್ನನ್ನೇ. ಹೇಮಾವತಿ ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರು. "ಇಲ್ಲೇ ಸಾರ್, ನಮ್ ತಾಲ್ಲೂಕಲ್ಲೇ" ಎಂದೆ. ಅವರು ಮೀಸೆಯಲ್ಲೇ ನಕ್ಕರು. ಅಬ್ಬ, ಗೆದ್ದೆ ಎಂದುಕೊಂಡೆ. ಒಂದು ಭಾಗಾಕಾರ ಹೇಳಿ ಬೋರ್ಡಿನ ಮೇಲೆ ಮಾಡು ಎಂದರು. ಸೀಮೆಸುಣ್ಣ ಹಿಡಿದು ನಿಂತಾಗ ಎಡಮಂಡಿಯ ಹಿಂದೆ ನವೆ ಶುರುವಾಯಿತು. ಉಂಬಳ ಹೊಟ್ಟೆ ತುಂಬಿ ಉದುರುವ ಹೊತ್ತಿನ ನವೆ ಅದು, ನಮ್ಮ ಕಡೆಯ ಮಕ್ಕಳಿಗೆ ಗೊತ್ತಾಗದೆ ಇರುತ್ತದೆಯೇ? ಆದರೆ ಕೆರೆಯುವಂತಿಲ್ಲ, ನೋಡುವಂತಿಲ್ಲ. ಹಲ್ಲು ಕಚ್ಚಿ ಲೆಕ್ಕ ಬರೆಯುತ್ತಾ ಹೋದೆ. ಮೀನಖಂಡದ ಮೇಲೆ ಬೆಚ್ಚಗೆ ಏನೋ ಇಳಿಯಿತು. ಉಂಬಳ ಬಿದ್ದರೂ ಅದು ಕಚ್ಚಿದ ಜಾಗದಿಂದ ರಕ್ತ ಸುರಿಯುತ್ತಲೇ ಇರುತ್ತದೆ. ಹಿಂದೆ ಕೂತ ಹುಡುಗರೆಲ್ಲ ನೋಡುತ್ತಿದ್ದರು, ಒಬ್ಬನೂ ಬಾಯಿ ಬಿಡಲಿಲ್ಲ.

"ನಿಲ್ಲಿಸು" ಎಂದರು ಇನ್ಸ್‌ಪೆಕ್ಟರು. ನೆಲದ ಮೇಲೆ ನನ್ನ ಹಿಮ್ಮಡಿಯ ಗುರುತು ಕೆಂಪಗೆ ಮೂಡಿತ್ತು. ಅವರು ಮುಖ ಆಚೆ ತಿರುಗಿಸಿ ಮೇಷ್ಟ್ರಿಗೆ ಹೇಳಿದರು, "ಈ ಹುಡುಗೀನ ಮನೆಗೆ ಕಳಿಸಿಬಿಡಿ. ಇಂಥ ವಯಸ್ಸಿನವರನ್ನ ಗಂಡುಹುಡುಗರ ಮಧ್ಯೆ ಇಟ್ಟುಕೋಬಾರದು ಅಂತ ನಿಮಗೆ ತಿಳೀದೇನ್ರಿ?"

ನಾನು ಮೈನೆರೆದೆನೆಂದು ಅವರು ಭಾವಿಸಿದ್ದರು. ಆಗ ಅದು ನನಗೆಲ್ಲಿ ಅರ್ಥವಾಗಬೇಕು? ಲೆಕ್ಕ ತಪ್ಪಾಯಿತು, ಫೇಲಾದೆ ಎಂದಷ್ಟೇ ತಿಳಿದುಕೊಂಡೆ. ಮೇಷ್ಟ್ರ ಮುಖ ನೋಡಿದೆ. ಅವರು ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವರು. ಅವರ ಕಣ್ಣು ನೆಲದ ಮೇಲೆ ಉರುಳಿ ಬಿದ್ದಿದ್ದ ಆ ಉಂಬಳದ ಮೇಲೇ ಇತ್ತು. ಅವರೆಂದದ್ದು ಇಷ್ಟೇ: "ಆಗ್ಲಿ ಸಾರ್."

ನನಗೆ ಎಲ್ಲಿತ್ತೋ ಸಿಟ್ಟು! ಬಗ್ಗಿ ಆ ಉಂಬಳವನ್ನು ಎತ್ತಿ ಅಂಗೈ ಮೇಲಿಟ್ಟು ಇನ್ಸ್‌ಪೆಕ್ಟರ ಮೂಗಿನ ಮುಂದೆ ಹಿಡಿದೆ. "ಉಂಬಳ ಸಾರ್! ಕಚ್ಚಿದ್ದಕ್ಕೆ ನಾನೆಂತ ಮಾಡ್ಲಿ? ಲೆಕ್ಕ ಸರಿ ಉಂಟು, ನೋಡಿ ಬೇಕಾದ್ರೆ!"

ಇನ್ಸ್‌ಪೆಕ್ಟರು ಕುರ್ಚಿ ಸಮೇತ ಹಿಂದಕ್ಕೆ ಸರಿದರು. ಹುಡುಗರು ಗೊಳ್ಳೆಂದು ನಕ್ಕರು. ಇನ್ಸ್‌ಪೆಕ್ಟರು ಕರವಸ್ತ್ರದಿಂದ ಹಣೆ ಒರೆಸಿಕೊಂಡು ಬೋರ್ಡು ನೋಡಿ, "ಸರಿಯಾಗಿದೆ. ಪಾಸು. ಹೋಗಮ್ಮ, ಹೋಗಿ ಕಾಲು ತೊಳಕೋ" ಎಂದರು.

ಮನೆಗೆ ನಾನು ಕುಣಿದುಕೊಂಡೇ ಹೋದೆ. ಆದರೆ ಹುಡುಗರು ಒಳದಾರಿ ಹಿಡಿದು ನನಗಿಂತ ಮೊದಲೇ ಓಡಿ, ಕೂಲಿಯವರ ಮನೆಗಳಿದ್ದ ಲೈನಿನ ತುಂಬ ನನ್ನ ಕಾಲಿನ ರಕ್ತದ, ಇನ್ಸ್‌ಪೆಕ್ಟರ ಮಾತಿನ ಸುದ್ದಿ ಹರಡಿದ್ದರು. ಅಂಗಳದಲ್ಲಿ ಹೆಂಗಸರು ಗುಂಪುಗೂಡಿದ್ದರು. ಅವ್ವ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋಗಿ, ಲಂಗ ಎತ್ತಿ ಮಂಡಿಯ ಹಿಂದೆ ನೋಡಿದಳು. ಉಂಬಳದ ಕಡಿತ ಎಂದು ಗೊತ್ತಾದ ಕೂಡಲೇ ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು. ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ.

ಸಂಜೆ ಅಪ್ಪಯ್ಯ ಬಂದವರೇ, "ಪಾಸಾದ್ಲಂತಲ್ಲ! ಕೊಟ್ಟ ಮಾತು ಮಾತೇ, ಓದು ಮುಂದುವರಿಸ್ಲಿ" ಎಂದರು.

"ಬೇಡ" ಎಂದಳು ಅವ್ವ.

ನನಗೆ ಕಿವಿಯನ್ನೇ ನಂಬಲಾಗಲಿಲ್ಲ. ಗೋಳಾಡಿದೆ, ರಂಪ ಮಾಡಿದೆ, ಊಟ ಬಿಟ್ಟೆ. ಅಪ್ಪಯ್ಯನೂ ಹೇಳಿ ನೋಡಿದರು. ಅವ್ವ ಜಪ್ಪಯ್ಯ ಎನ್ನಲಿಲ್ಲ.

ದಸರಾ ರಜೆ ಮುಗಿದು ಶಾಲೆ ಶುರುವಾದಾಗ ಮೇಷ್ಟ್ರು ನನ್ನನ್ನು ಹುಡುಕಿಕೊಂಡು ಮನೆಗೇ ಬಂದರು. ಅವ್ವ ಮಣೆ ಹಾಕಿ, ಬೆಲ್ಲದ ಕಾಫಿ ಕೊಟ್ಟಳು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ.

"ಹುಡುಗಿ ಚುರುಕಿದಾಳೆ, ಓದು ಬಿಡಿಸ್ಬೇಡಿ" ಎಂದರು ಮೇಷ್ಟ್ರು.

"ಚುರುಕಿದಾಳೆ, ಗೊತ್ತು" ಎಂದಳು ಅವ್ವ. "ಅವತ್ತು ಅದು ಉಂಬಳ ಅಂತ ನಿಮ್ಗೂ ಗೊತ್ತಿತ್ತಲ್ಲ ಮೇಷ್ಟ್ರೇ? ನೀವು ಒಂದು ಮಾತಾಡ್ಲಿಲ್ಲ. ನನ್ನ ಕೂಸೇ ಬಾಯಿ ಬಿಡ್ಬೇಕಾಯ್ತು. ನಾಳೆ ನಿಜವಾಗ್ಲೂ ಆ ದಿನ ಬಂದು, ಅವ್ಳಿಗೇ ಬಾಯಿ ಬಾರದೆ ಹೋದ್ರೆ ಯಾರು ಮಾತಾಡ್ತಾರೆ? ನೀವು ಮಾತಾಡ್ತೀರಾ? ಆಡ್ತೀನಿ ಅನ್ನಿ, ಈಗ್ಲೇ ಕಳಿಸ್ತೀನಿ."

ಹೇಳಿ ಮೇಷ್ಟ್ರೇ, ಆಡ್ತೀನಿ ಅನ್ನಿ ಎಂದು ನಾನು ಬಾಗಿಲ ಹಿಂದೆ ಕೈಮುಗಿದು ನಿಂತೆ. ಒಂದೇ ಒಂದು ಮಾತು ಸಾಕಿತ್ತು. ಅವರು ಅಂಗಳದ ಕಡೆ ಮುಖ ತಿರುಗಿಸಿದರು. ಆಮೇಲೆ ಅರ್ಧ ಕುಡಿದ ಲೋಟವನ್ನು ಮೆಲ್ಲಗೆ ಕೆಳಗಿಟ್ಟು, ಕೊಡೆ ತೆಗೆದುಕೊಂಡು, "ಬರ್ತೀನಿ ತಾಯಿ" ಎಂದು ಹೊರಟುಹೋದರು.