ಫರಸಿ ಕಿತ್ತ ಅಂಗಳ

ಯಾರ ಜೊತೆ ಮಾತಾಡುವಾಗಲೂ ಕಾಕಾನ ಒಂದು ಕಾಲು ಚಪ್ಪಲಿಯೊಳಗೆ, ಇನ್ನೊಂದು ಹೊರಗೆ. ಯಾವ ಗಳಿಗೆಯಲ್ಲಾದರೂ ಹೊರಟುಬಿಡುವವರಂತೆ. ಅವರು ಕೂತದ್ದನ್ನು ನಾನು ಕಂಡದ್ದೇ ಕಡಿಮೆ. ಬೀದರಿನ ಶಾಲೆಗೆ ಮಾಸ್ತರನಾಗಿ ಬಂದ ಹೊಸದರಲ್ಲಿ ಊರೆಲ್ಲ ಕಾಕಾ ಎನ್ನುತ್ತಿದ್ದ ಅವರ ಬೇಳೆ ಗಿರಣಿಯ ಮಾಳಿಗೆಯ ಮೇಲೆ ಬಾಡಿಗೆಗಿದ್ದೆ. ದಿನಚರಿ ಬರೆಯಲು ಕೂರುವ ಕಿಟಕಿಯಿಂದ ಅಂಗಳ ಪೂರ್ತಿ ಕಾಣುತ್ತಿತ್ತು.

ನಾವು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ಕಾಕಾ ಭಾಲ್ಕಿಯಲ್ಲಿದ್ದ ತಮ್ಮ ಪಾಲಿನ ಹೊಲ ಮಾರಿ ಗಿರಣಿ ಹಾಕಿದ್ದರು. ಔರಾದ ಕಡೆಯ ಹಳ್ಳಿಯವರು ತೊಗರಿ ಮಾರುತ್ತಿದ್ದ ಉದಗೀರ ಮುಂಬೈ ರಾಜ್ಯಕ್ಕೆ ಹೋಗಿತ್ತು. ಔರಾದದ ತೊಗರಿ ಇನ್ನು ಬೀದರಿಗೇ ಬರುತ್ತದೆ ಎಂದು ನಂಬಿದ್ದರು.

"ಹಳ್ಯಾಗ ಬೆಳಿಬಹುದು ಮಾಸ್ತರ, ಮಾರಲಿಕ್ಕ ಶಹರ ಬೇಕ್ರಿ. ಶಹರ ಬೆಳದ್ರ ಔರಾದಕ್ಕೂ ಡಾಂಬರ ರಸ್ತಾ ಬರ್ತದ."

ಶಹರಕ್ಕೆ ತಕ್ಕಂತಿರಲಿ ಎಂದು ಅಂಗಳಕ್ಕೆಲ್ಲ ನುಣುಪಾದ ಶಹಾಬಾದಿ ಕಲ್ಲಿನ ಫರಸಿ ಹಾಸಿಸಿದರು.

ಸುಗ್ಗಿ ಬಂತು, ಗಾಡಿಗಳು ಬರಲಿಲ್ಲ. ದಿನಚರಿಯಲ್ಲಿ ದಿನವೂ 'ಗಾಡಿ ಇಲ್ಲ' ಎಂದೇ ಬರೆದೆ. ಭಾಲ್ಕಿಯಿಂದ ಬಂದ ಅವರ ಅಣ್ಣ ಖಾಲಿ ಅಂಗಳ ನೋಡಿ, "ಯುಗಾದಿ ತನಾ ನೋಡು. ಆಮ್ಯಾಲ ಕೀಲಿ ಹಾಕಿ ಊರಿಗಿ ಬಾ" ಎಂದರು.

ಒಂದು ಸೋಮವಾರ ಕಾಕಾ ಬಜಾರಿನಲ್ಲಿ ಔರಾದದ ರೈತನೊಬ್ಬನ ಗಾಡಿ ತಡೆದು ತಾವೇ ಕರೆತಂದರು. ಲಾಳ ಬಡಿದ ಕಾಲು ಫರಸಿಗೆ ತಾಗಿದ್ದೇ ಎತ್ತು ಜಾರಿ ಮೊಣಕಾಲೂರಿತು. ರೈತ ಅದನ್ನು ಎಬ್ಬಿಸಿ ಮೈ ಸವರುತ್ತ ಹೇಳಿದ: "ಫರಸಿ ಛಲೋ ಅದರಿ ಕಾಕಾ. ಮುಂದಿನ ಸಲ ಎತ್ತಿಗಿ ಬೂಟ ಹೊಲಿಸಿ ತರ್ತೇನಿ. ನಮ್ಮೂರವರು ಉದಗೀರಕ್ಕ ಯಾಕ ಹೋಗ್ತಾರ ಗೊತ್ತೇನ್ರಿ? ಅಲ್ಲಿ ಮಣ್ಣಿನ ಅಂಗಳ, ದನಕ್ಕ ನೀರು, ನಮಗ ಮಲಗಲಿಕ್ಕ ಜಾಗ."

ಮರುದಿನ ಬೆಳಿಗ್ಗೆ ಕಾಕಾ ಹಾರೆ ಹಿಡಿದು ಫರಸಿ ಎಬ್ಬಿಸುತ್ತಿದ್ದರು. "ಶಹರ ಕಟ್ಟಿನಿ ಅಂತ ತಿಳದಿದ್ದೆ ಮಾಸ್ತರ. ಬರೋರನ್ನೇ ಮರತಿದ್ದೆ."

ಮಣ್ಣು ಬಿತ್ತು, ನೀರಿನ ತೊಟ್ಟಿ ಬಂತು, ಗೋದಾಮಿನ ಅರ್ಧ ರೈತರಿಗೆ ಮಲಗುವ ಜಾಗವಾಯಿತು. ಯುಗಾದಿಯ ಮುನ್ನಾದಿನ ಅಣ್ಣ ಚೀಲದಲ್ಲಿ ಬೀಗ ಇಟ್ಟುಕೊಂಡೇ ಬಂದರು. ಔರಾದದ ಗಾಡಿಗಳು ಅಡ್ಡ ನಿಂತಿದ್ದರಿಂದ ಬಾಗಿಲು ದಾಟಲು ಅವರಿಗೆ ದಾರಿ ಸಿಗಲಿಲ್ಲ.

ಕಿತ್ತ ಫರಸಿಯಿಂದ ಹೊರಗೆ ಕಟ್ಟೆ ಕಟ್ಟಿಸಿದರು. ಔರಾದದ ಬಸ್ಸಿಗೆ ಕಾಯುವವರು ಅಲ್ಲಿ ಕೂರುತ್ತಾರೆ. ಕಾಕಾ ಒಮ್ಮೆಯೂ ಕೂರಲಿಲ್ಲ. ಹೋದ ಮಾಘದಲ್ಲಿ, ಸುಗ್ಗಿಯ ನಡುವೆಯೇ ತೀರಿಕೊಂಡರು.

ಔರಾದ ಕಡೆಯ ಹುಡುಗ ಶಾಲೆಗೆ ಸೇರಲು ಬಂದರೆ ಈಗ ನಾನು ಮೊದಲು ಅಂಕ ಕೇಳುವುದಿಲ್ಲ. "ಎಲ್ಲಿ ಇಳಕೊಂಡಿ? ಊಟ ಎಲ್ಲಿ?" ಎಂದು ಕೇಳುತ್ತೇನೆ.