ಅಕ್ಕೋರ ಮಗಳು

ಹೋದ ವಾರ ಕಾರವಾರದ ಬೈತಖೋಲದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಣಗಲು ಹಾಕಿದ ಸಿಗಡಿಯ ವಾಸನೆ ಗಾಳಿಯ ಜೊತೆ ಬಂತು. ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಅಂಕೋಲೆಯ ಆ ಮೀನಿನವಳು ನೆನಪಾದಳು... ಬುಟ್ಟಿಯ ನೀರು ಇಳಿದು ಸದಾ ಒದ್ದೆಯಾಗಿರುತ್ತಿದ್ದ ಅವಳ ಸೆರಗು, ಅರ್ಧ ಊರಿಗೆ ಕೇಳುವ ಗಂಟಲು.

ನಾವು ಆಗ ಅಂಕೋಲೆಯ ಹತ್ತಿರದ ಶೆಟಗೇರಿಯಲ್ಲಿದ್ದೆವು. ಅಮ್ಮ ಅಲ್ಲಿಯ ಶಾಲೆಯಲ್ಲಿ ಕಲಿಸುತ್ತಿದ್ದಳು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸು ಯಾರೇ ಇರಲಿ, ಊರಿಗೆಲ್ಲ 'ಅಕ್ಕೋರು'. ಅಮ್ಮನಿಗೂ ಒಂದು ಹೆಸರಿದೆ ಎಂಬುದು ಮತದಾನದ ದಿನ ಮಾತ್ರ ಊರಿಗೆ ತಿಳಿಯುತ್ತಿತ್ತು. ನಾನು ಅಕ್ಕೋರ ಮಗಳು. ಅಪ್ಪ ಮೊದಲೇ ತೀರಿಕೊಂಡಿದ್ದರಿಂದ ಮನೆಯಲ್ಲಿ ನಾವಿಬ್ಬರೇ. ಮೀನಿನವಳು ಬೇಲಿಯ ಹತ್ತಿರ ನಿಂತು, "ಅಕ್ಕೋರ ಮಗಳೇ, ಪಾತ್ರೆ ತಕಂಡ್ ಬಾರೆ!" ಎಂದು ಕೂಗಿದರೆ ನಾನು ಓದು ಬಿಟ್ಟು ಓಡಬೇಕು. ಕಾಲೇಜಿಗೆ ಹೋಗುವ ಕಾಲಕ್ಕೆ ಆ ಕೂಗು ಕೇಳಿದರೆ ಮೈ ಉರಿಯುತ್ತಿತ್ತು. ನನಗೇನು ಹೆಸರಿಲ್ಲವೇ ಎಂದು ಅಮ್ಮನ ಮೇಲೆ ಹಾರಾಡುತ್ತಿದ್ದೆ.

"ಇರ್ಲಿ ಬಿಡೇ, ಹೆಸ್ರು ಎಲ್ಲಿಗ್ ಓಡಿ ಹೋಗ್ತದೆ?" ಎನ್ನುತ್ತಿದ್ದಳು ಅಮ್ಮ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಮಳೆಗಾಲ ಮುಗಿಯುವ ಹೊತ್ತಿಗೆ, ಜ್ವರ ಎಂದು ಮಲಗಿದ ಅಮ್ಮ ಏಳಲಿಲ್ಲ. ಸೂತಕದ ಮನೆಯೆದುರು ಮೀನು ಕೂಗಬಾರದು. ಮೀನಿನವಳು ನಮ್ಮ ಬೇಲಿ ಬಂದಾಗ ಬಾಯಿ ಮುಚ್ಚಿ, ತಲೆ ತಗ್ಗಿಸಿ ದಾಟುತ್ತಿದ್ದಳು. ಸೂತಕ ಕಳೆದ ಮೇಲೂ ಕೂಗಲಿಲ್ಲ. ನಾನು ದಿನವೂ ಕಾಯುತ್ತಿದ್ದೆ. ಮೀನಿಗಲ್ಲ... ಆ ಕೂಗಿಗೆ. ಅಮ್ಮನ ಜೊತೆ ನಾನೂ ಅರ್ಧ ಸುಟ್ಟುಹೋದ ಹಾಗಿತ್ತು. ಯಾರಾದರೂ ಕರೆದರೆ, ಉಳಿದವಳು ಯಾರೆಂದು ಗೊತ್ತಾಗುತ್ತಿತ್ತೇನೋ.

ಒಂದು ಬೆಳಿಗ್ಗೆ ಕೇಳಿಸಿತು. "ಅಕ್ಕೋರ ಮಗಳೇ, ಪಾತ್ರೆ ತಕಂಡ್ ಬಾರೆ!"

ಕೈಗೆ ಸಿಕ್ಕ ಪಾತ್ರೆ ಹಿಡಿದು ಓಡಿದೆ. ಅವಳು ಎದುರು ಮನೆಯ ಅಂಗಳದಲ್ಲಿ ಬುಟ್ಟಿ ಇಳಿಸಿದ್ದಳು. ಅಮ್ಮನ ಜಾಗಕ್ಕೆ ಬಂದ ಹೊಸ ಟೀಚರು ಅಲ್ಲಿ ಬಾಡಿಗೆಗೆ ಇಳಿದಿದ್ದರು. ಅವರ ಪುಟ್ಟ ಮಗಳು ತನ್ನ ಪಾತ್ರೆ ಹಿಡಿದು ನಿಂತಿದ್ದಳು. ನನ್ನನ್ನು ನೋಡಿ ಮೀನಿನವಳ ಮುಖ ಸಣ್ಣದಾಯಿತು.

"ನಿನ್ನಲ್ಲ ತಂಗಿ... ಈ ಅಕ್ಕೋರ ಮಗಳ್ನ ಕರ್ದದ್ದು."

ಹಾಗೆಂದವಳು ಬುಟ್ಟಿ ಬಿಟ್ಟು ನನ್ನ ಹತ್ತಿರ ಬಂದಳು. ಮೀನಿನ ಕೈಯೆಂದು ಮುಟ್ಟಲಿಲ್ಲ. "ಇಷ್ಟ್ ವರ್ಸ ಆದ್ರೂ ನಿನ್ನ ಹೆಸ್ರು ಕೇಳ್ಲೇ ಇಲ್ಲ ನಾನು. ಎಂತಾ ಹೇಳಿ ಕರೂದು ಗೊತ್ತಾಗ್ದೇ ಸುಮ್ನೆ ಹೋಗ್ತಿದ್ದೆ. ಎಂತದೆ ನಿನ್ನ ಹೆಸ್ರು?"

ಹೇಳಿದೆ. ಅವಳು ಅದನ್ನು ಒಂದು ಸಲ ಹೇಳಿ ನೋಡಿದಳು. ಅದು ಬೇರೆ ಯಾರದೋ ಹೆಸರಿನಂತೆ ಕೇಳಿಸಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅಮ್ಮ ಸತ್ತ ದಿನ ಬಾರದ ಅಳು ಅದು.

ಆಮೇಲೆ ಅವಳು ಹೆಸರು ಹಿಡಿದೇ ಕೂಗಿದಳು, ನಾನು ಕೆಲಸ ಸಿಕ್ಕಿ ಕಾರವಾರಕ್ಕೆ ಬರುವ ತನಕ...

ಹೋದ ವಾರ ಮನೆಯ ಬಸ್ಸು ಬಿಟ್ಟು ಅಂಕೋಲೆಯ ಬಸ್ಸು ಹತ್ತಿದೆ. ಕಡಲದಂಡೆಯ ಕೇರಿಯಲ್ಲಿ ಕೇಳಿಕೊಂಡು ಅವಳ ಮನೆ ಹುಡುಕಿದೆ. ಅತ್ತೆ ಹೋಗಿ ವರ್ಷವಾಯಿತು ಎಂದಳು ಸೊಸೆ. ಕೂರಲು ಕುರ್ಚಿ ಕೊಟ್ಟು, "ನೀವ್ ಯಾರು ಗೊತ್ತಾಗ್ಲಿಲ್ಲ" ಎಂದಳು. ಹೆಸರು ಹೇಳಲು ಹೊರಟವಳು, "ಶೆಟಗೇರಿ ಅಕ್ಕೋರ ಮಗಳು" ಎಂದುಬಿಟ್ಟೆ.

"ಯಾವ ಅಕ್ಕೋರು?" ಎಂದಳು ಅವಳು, ನಿಜವಾಗಿಯೂ ತಿಳಿಯದೆ.